ಒಂದು ಚಪ್ಪಾಳೆ

ವೃಷಾಲಿ, ನೀನು ಕೇಳಿದ್ದು ಏನೇನು ಕೊಳ್ಳಲಿ, ಎಷ್ಟಾಗ್ತದೆ ಅಂತ.
ಕೊಳ್ಳುವುದು ಆಮೇಲೆ. ಮೊದಲು ಕೋಣೆಯ ನಡುವೆ ನಿಂತು
ಒಂದೇ ಒಂದು ಚಪ್ಪಾಳೆ ತಟ್ಟು.
ಗೋಡೆ ಅದನ್ನು ನಿನಗೇ ವಾಪಸು ಎಸೆದರೆ
ಆ ಕೋಣೆ ಇನ್ನೂ ನಿನ್ನದಾಗಿಲ್ಲ.

ಕೋಡಿಬಾಗದ ನನ್ನ ಅಂಗಡಿ ಚಪ್ಪಾಳೆಯನ್ನು ನುಂಗ್ತದೆ.
ಮೂರು ಗೋಡೆಗೂ ಬಟ್ಟೆ: ಹೊಲಿಗೆಗೆ ಬಂದ ರವಿಕೆ ಕಣ,
ನೇವಿಯವರ ಬಿಳಿ ಪ್ಯಾಂಟು,
ಮದುವೆ ಮುರಿದು ಯಾರೂ ಒಯ್ಯದೆ ಉಳಿದ ಶೇರ್ವಾನಿ.
ಸ್ಪಂಜಿನ ಹಲಗೆ ಮಾರ್ತಾರಲ್ಲ, ಉಬ್ಬುತಗ್ಗಿನದು,
ಅದಕ್ಕೆ ದುಡ್ಡು ಸುರಿಯಬೇಡ.
ಎರಡು ಕೌದಿ ತೂಗುಹಾಕು. ಮಂಚ ಹೊರಗೆ ಹಾಕಬೇಡ.

ನಾನು ಮಾಡಿದ ತಪ್ಪು ಹೇಳ್ತೇನೆ.
ಚೌತಿಯ ಹೊಲಿಗೆ ಮುಗಿದ ವಾರ,
ಪರ್ಸಿನಲ್ಲಿ ಹದಿನಾಲ್ಕು ಸಾವಿರ, ಬೆಳಗಿನ ರೈಲು, ಮಡಗಾಂವ್.
ಅಂಗಡಿಯ ಹುಡುಗ ಕೈಗಿಟ್ಟ ಮೈಕು
ಬೆಳ್ಳಿಯ ಪನ್ನೀರುದಾನಿಯ ಹಾಗೆ. ಕಂಡೆನ್ಸರ್ ಅಂದ.
‘ಇದು ಎಲ್ಲಾ ಕೇಳ್ತದೆ ಆಂಟಿ, ಉಸಿರೂ.’
ಒಳ್ಳೆಯದೇ ಅಂದುಕೊಂಡೆ.
ನಲವತ್ತಾರು ವರ್ಷ ಯಾರೂ ಅಷ್ಟು ಕೇಳಿರಲಿಲ್ಲವಲ್ಲ.

ಆ ರಾತ್ರಿ ಶಟರ್ ಎಳೆದು, ಫ್ಯಾನ್ ಆರಿಸಿ,
ಬೆವರು ಒರೆಸಿಕೊಳ್ಳುತ್ತ
ಮಶೀನಿನ ಲಯಕ್ಕೆ ನಾನೇ ಕಟ್ಟಿದ ಪದ ಹಾಡಿದೆ.
ಮರುದಿನ ಕೇಳಿದರೆ
ಅದರಲ್ಲಿ ನಾನಿದ್ದೆ, ಹೌದು,
ಹೆದ್ದಾರಿಯ ಲಾರಿಯೂ ಇತ್ತು, ಎದುರುಮನೆಯ ಫ್ರಿಜ್ಜು,
ಕಾಳಿ ಹೊಳೆಯ ಬಾಯಲ್ಲಿ ತಡವಾಗಿ ಒಳಬಂದ ದೋಣಿಯ ಇಂಜಿನ್ನು,
ಗೋಡೆಯಾಚೆ ಇನಾಸ್ ಮಾಮನ ಕೆಮ್ಮು. ಮೂರು ಸಲ.
ಮೂರನೆಯದು ಸರಿಯಾಗಿ ಸಮಕ್ಕೇ ಬಿದ್ದಿತ್ತು.
ಚರ್ಚಿನ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸಿದ ಮನುಷ್ಯ.

ಆಗ ಹೊಳೆಯಿತು ನೋಡು:
ಅವರ ಕೆಮ್ಮು ಇತ್ತ ಬರುವುದಾದರೆ
ನನ್ನ ಹಾಡು ಹನ್ನೆರಡು ವರ್ಷದಿಂದ ಅತ್ತ ಹೋಗ್ತಿದೆ.
ಎರಡು ದಿನ ತುಟಿ ಬಿಚ್ಚಲಿಲ್ಲ.
ಮೂರನೆಯ ದಿನ ಅವರೇ ಬಂದರು, ಪ್ಯಾಂಟು ಗಿಡ್ಡ ಮಾಡಿಸಲು.
ನೆಲ ನೋಡುತ್ತ ಕೇಳಿದರು:
‘ಕೆಟ್ಟಿದ್ದು ಮಶೀನೋ, ಬಾಯಿಯೋ?’

ಅದಕ್ಕೇ ಹೇಳುವುದು, ನೀನು ಡೈನಾಮಿಕ್ ತಗೋ.
ಗುಂಡು ತಲೆಯದು, ಭಾಷಣಕ್ಕೆ ಹಿಡಿಯುವಂಥದು,
ಕೈ ಜಾರಿ ಬಿದ್ದರೂ ಮುನಿಸಿಲ್ಲ.
ಅರೆಗಿವುಡಿ ಅದು. ಹತ್ತಿರ ಬಂದವರದಷ್ಟೇ ಕೇಳಿಸಿಕೊಳ್ತದೆ.
ನಾಲ್ಕು ಬೆರಳು ದೂರ ಇರು, ತುಸು ಓರೆಯಾಗಿ.
ಪಕಾರ ಬಕಾರಕ್ಕೆ ಗಾಳಿ ಗುದ್ದದ ಹಾಗೆ
ಕಸೂತಿಯ ಬಳೆಗೆ ಹಳೆಯ ಕಾಲುಚೀಲದ ನೈಲಾನ್ ಬಿಗಿದು ಕಳಿಸ್ತೇನೆ,
ಅಂಗಡಿಯಲ್ಲಿ ಇದಕ್ಕೇ ನಾನೂರು ಕೇಳ್ತಾರೆ.

ಸ್ಟ್ಯಾಂಡಿಗೆ ಜಿಪುಣತನ ಬೇಡ, ನಡುಹಾಡಿನಲ್ಲಿ ತಲೆ ತೂಗಿಸ್ತದೆ.
ಹೆಡ್‌ಫೋನು ಕಿವಿ ಪೂರ್ತಿ ಮುಚ್ಚುವಂಥದು,
ಇಲ್ಲವಾದರೆ ಒಳಗಿನ ಟಿಕ್ ಟಿಕ್ ಮೈಕಿಗೆ ಸೋರ್ತದೆ.
ನಮ್ಮೂರ ಗಾಳಿಗೆ ಉಪ್ಪಿದೆ, ಗೊತ್ತಲ್ಲ,
ಒಂದು ಮಳೆಗಾಲ ಕಳೆಯುವುದರೊಳಗೆ ಕೇಬಲ್ಲಿನ ತುದಿ ಹಸಿರು.
ಚಪ್ಪಲಿ ಡಬ್ಬಿಯ ಸಣ್ಣ ಪೊಟ್ಟಣಗಳನ್ನು ಎಸೆಯಬೇಡ.

ಇನ್ನು ಇಂಟರ್‌ಫೇಸು. ಒಂದು ತೂತಿನದು ಸಾಕೆಂದು ನಾನು ತಂದೆ,
ಇರುವುದು ಒಂದೇ ಗಂಟಲಲ್ಲವಾ.
ಈಗ ಪ್ರತಿ ಬುಧವಾರ ಇನಾಸ್ ಮಾಮ ಗುಮಟೆ ತೊಡೆಯ ಮೇಲಿಟ್ಟು
ಸರದಿ ಕಾಯ್ತಾರೆ, ನನ್ನದು ಮುಗಿದ ಮೇಲೆ ಅವರದು.
ಉಡದ ಚರ್ಮ ಕೂಡದು, ಆಡಿನದು ಕಟ್ಟಿಸಿದ್ದಾರೆ,
ಮಂಕಾಯಿತು ಅಂತ ಗೊಣಗ್ತಾರೆ.
ಒಟ್ಟಿಗೆ ಕೂತಾಗಲೇ ಬರುವುದೊಂದು ಇದೆ, ಅದು ಬರುವುದಿಲ್ಲ.
ನೀನು ಎರಡು ತೂತಿನದು ತಗೋ. ಸಾವಿರದೈನೂರು ಹೆಚ್ಚು.
ಕಡಿಮೆ ಬಿದ್ದರೆ ಹೇಳು.

ಬೆಳ್ಳಿಯದನ್ನು ಮಾರಲಿಲ್ಲ.
ಕೆಲವು ರಾತ್ರಿ ಹಾಡದೆ, ಬರೀ ಅದನ್ನು ತೆರೆದಿಟ್ಟು ಕೂತಿರ್ತೇನೆ.
ಬಿಲ್ಲು ಜೋಪಾನ, ಒಂದು ವರ್ಷ ಗ್ಯಾರಂಟಿ.
ಮತ್ತೆ ಆ ಚಪ್ಪಾಳೆ?
ತಟ್ಟಿದೆಯಾ? ಏನು ಕೇಳಿತು?