ಉತ್ತಯ್ಯಣ್ಣನಿಗೆ ಸ್ಟೇರಿಂಗ್ ಕಲಿಸುವುದು

ಮೂವತ್ತೊಂದು ವರ್ಷ ಮಾಕುಟ್ಟ ಘಾಟಿಯಲ್ಲಿ
ಮೆಣಸು, ಶುಂಠಿ, ದಿಬ್ಬಣದ ಮಂದಿ,
ಒಮ್ಮೆ ಇಗರ್ಜಿಯ ಗಂಟೆಯನ್ನೂ
ಗೀರು ಬೀಳದಂತೆ ಇಳಿಸಿದ ಕೈ ನಿಮ್ಮದು.
ಈಗ ಎಡ ಮೊಣಕಾಲು ಮಡಚುವುದಿಲ್ಲ.
ವಿರಾಜಪೇಟೆ ಗಡಿಯಾರ ಕಂಬದ ಹಿಂದೆ
ನನ್ನ ಜೆರಾಕ್ಸ್ ಅಂಗಡಿಯ ಒಳಕೋಣೆಯಲ್ಲಿ
ಇಸ್ತ್ರಿ ಮೇಜಿಗೆ ಬಿಗಿದ ಪ್ಲಾಸ್ಟಿಕ್ ಚಕ್ರದ ಮುಂದೆ
ಚಪ್ಪಲಿ ಹೊರಗೆ ಬಿಟ್ಟು ಕೂತಿದ್ದೀರಿ.
ಕ್ಲಚ್ ಇಲ್ಲ ಇದಕ್ಕೆ. ಮೊಣಕಾಲಿಗೆ ರಜೆ.

"ಇದರಲ್ಲೇನುಂಟು ಕುಂಞಿ, ಕೊಡು" ಅಂದಿರಿ.
ಮೊದಲ ತಿರುವಿನಲ್ಲೇ ಹನ್ನೊಂದು ಕಾರಿಗೆ ಗುದ್ದಿದಿರಿ.

ಕೇಳಿ ಹಾಗಾದರೆ.

ಸೊಂಟವನ್ನು ಮರೆಯಿರಿ.
ಜೀಪು ಜಾರುವುದನ್ನು ಸೀಟು ಬೆನ್ನಿಗೆ ಹೇಳುತ್ತಿತ್ತು,
ಬೆನ್ನು ಕೈಗೆ.
ಈ ಕುರ್ಚಿ ಮೂಗ. ಇಲ್ಲಿ ಕಿವಿಯೇ ಎಲ್ಲ.
ಟಯರು ಮೊದಲು ಗೊಣಗುತ್ತದೆ, ಆಮೇಲೆ ಕಿರುಚುತ್ತದೆ.
ಗೊಣಗುವಾಗಲೇ ಮಾತು ಕೇಳಬೇಕು.
ಕಿರುಚಿದ ಮೇಲೆ ಗೋಡೆ.

ಒಂದೇ ಕಾರು, ಒಂದೇ ದಾರಿ, ಒಂದು ತಿಂಗಳು.
ಕೆಂಪು ಚೆಂದ ಕಂಡಿತು ಅಂತ ಬದಲಿಸಬೇಡಿ.
ನೀವೇ ಹೇಳಿದ್ದಿರಲ್ಲ, ಹೊಸ ಕ್ಲೀನರ್ ಹುಡುಗನಿಗೆ
ಆರು ತಿಂಗಳು ಸ್ಟೇರಿಂಗ್ ಮುಟ್ಟಲು ಬಿಡದೆ
ಬರೀ ದಾರಿ ನೋಡಿಸುತ್ತಿದ್ದೆ ಅಂತ:
ಎಲ್ಲಿ ಮೋರಿ ಕುಸಿದಿದೆ, ಎಲ್ಲಿ ಬಿಸಿಲು ತಾಗದೆ ಪಾಚಿ,
ಯಾವ ಬಿದಿರ ಮೆಳೆಯ ಹಿಂದೆ ಆನೆ ನಿಂತೀತು.
ಇಲ್ಲೂ ಅದೇ ಪಾಠ, ಆನೆ ಮಾತ್ರ ಇಲ್ಲ.
ನೂರು ಮೀಟರಿನ ಫಲಕ ಕಂಡಾಗ ಬ್ರೇಕ್ ಒತ್ತಿ.
ನಾಳೆ ತೊಂಬತ್ತಕ್ಕೆ.
ಎಂಬತ್ತಕ್ಕೆ ಹುಲ್ಲಿಗೆ ಇಳಿದರೆ
ತೊಂಬತ್ತು ನಿಮ್ಮದು.

ನೆಟ್ಟಗಿನ ದಾರಿಯಲ್ಲಿ ಜೋರು ಯಾರಿಗೂ ಬರುತ್ತದೆ.
ಬ್ರೇಕ್ ಒತ್ತುವುದೂ ಬರುತ್ತದೆ.
ಬಿಡುವುದೇ ವಿದ್ಯೆ:
ನಿದ್ದೆ ಹತ್ತಿದ ಮಗುವಿನ ತಲೆಯಡಿಯಿಂದ
ಕೈ ತೆಗೆಯುವ ಹಾಗೆ.

ಹೆಸರಿನ ಪಕ್ಕ ಒಂದು ಅಂಕ ಕಾಣುತ್ತದಲ್ಲ,
ಅದು ನಿಮ್ಮ ಮರ್ಯಾದೆ. ತಾಗಿದರೆ ಇಳಿಯುತ್ತದೆ.
ಯಾರ ತಪ್ಪು ಅಂತ ಕೇಳುವವರಿಲ್ಲ,
ಇಳಿದು ಪಂಚೆ ಎತ್ತಿ ಕಟ್ಟಿ
ಜಗಳಕ್ಕೆ ನಿಲ್ಲುವ ಜಾಗವೂ ಇಲ್ಲ. ಇಬ್ಬರಿಗೂ ದಂಡ.
ಅದಕ್ಕೇ ಮೊದಲ ಹತ್ತು ಓಟ
ಎಲ್ಲರ ಹಿಂದಿನಿಂದ ಹೊರಡಿ.
ಮುಂದಿನ ಹುಡುಗರು ಮೊದಲ ತಿರುವಿನಲ್ಲೇ
ಕಪ್ ಎತ್ತಲು ಹೋಗಿ ಒಬ್ಬರನ್ನೊಬ್ಬರು ಎತ್ತುತ್ತಾರೆ.
ನೀವು ಪಕ್ಕದಿಂದ ಸರಿದು ಹೋಗಿ.
ಸೋಮವಾರ ಹಾಗೇ ತಾನೆ,
ಯಾರನ್ನೂ ದಾಟದೆ ಏಳನೆಯವರಾದದ್ದು!

ಮುಗಿದ ಓಟವನ್ನು ಮತ್ತೆ ಹಾಕಿ ನೋಡಿ.
ಅಲ್ಲಿ ಬೈಯುವಾಗ ಬೇರೆಯವರ ತಪ್ಪಿತ್ತು,
ಇಲ್ಲಿ ನೋಡುವಾಗ ನಿಮ್ಮದು.
ನನಗೂ ಹಾಗೇ ಆಗುತ್ತದೆ. ಪ್ರತಿ ಸಲ.

ಗಾಳಿ ಎದ್ದ ಸಂಜೆ ಓಟಕ್ಕೆ ಸೇರಬೇಡಿ.
ಪೆರುಂಬಾಡಿ ಕಡೆ ತಂತಿಯ ಮೇಲೆ ಒಂದು ಕೊಂಬೆ ಬಿದ್ದರೂ
ನೀವು ದಾರಿ ನಡುವೆ ಮಾಯ.

ಇಷ್ಟೆಲ್ಲ ಹೇಳಿದ್ದೆ. ನಿನ್ನೆ ಗುರುವಾರ,
ಆರನೆಯ ಸುತ್ತು.
ನಿಮ್ಮ ಮುಂದಿನ ಕಾರು ತಡೆಗೋಡೆಗೆ ಬಡಿದು
ಮಗುಚಿ ಬಿತ್ತು.
ದಾರಿ ಖಾಲಿ. ಐದನೆಯ ಸ್ಥಾನ ಬಾ ಅಂತ ಕರೆಯುತ್ತಿತ್ತು.
ನೀವು ಎಡಕ್ಕೆ ಹಾಕಿ ನಿಲ್ಲಿಸಿದಿರಿ.
ಕೈ ಇಲ್ಲದ ಹ್ಯಾಂಡ್‌ಬ್ರೇಕ್ ಎಳೆಯಿತು.
ಮೈಕಿಗೆ ಬಗ್ಗಿ, ಹೆಸರಿನ ಪಕ್ಕ ಫಿನ್ಲೆಂಡಿನ ಬಾವುಟ ಇದ್ದವನಿಗೆ
"ಪೆಟ್ಟಾಯ್ತಾ ಮಾರಾಯ?" ಅಂದಿರಿ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ
ಎಲ್ಲಿಂದಲೋ ಒಂದು ಚಿಕ್ಕ ದನಿ: "ಓಕೆ, ಓಕೆ."

ಹದಿನಾಲ್ಕು ಕಾರು ದಾಟಿ ಹೋದವು.
ಇಲ್ಲಿ ಯಾರಿಗೂ ಪೆಟ್ಟಾಗುವುದಿಲ್ಲ ಅಂತ
ಹೇಳಲು ಬಾಯಿ ತೆರೆದೆ.
ಹೊರಗೆ ಯಾರೋ ಆಧಾರ್ ಕಾರ್ಡ್ ಹಿಡಿದು
"ಎರಡೂ ಬದಿ, ಮೂರು ಪ್ರತಿ" ಅಂದರು. ಹೋದೆ.

ತಿರುಗಿ ಬಂದಾಗ ನೀವು ಇನ್ನೂ ಅಲ್ಲೇ,
ಮತ್ತೆ ದಾರಿಗೆ ಇಳಿಯುವ ಮೊದಲು
ಇಂಡಿಕೇಟರ್ ಇಲ್ಲದ ಕಾರಿನಲ್ಲಿ
ಇಂಡಿಕೇಟರ್ ತಡಕಾಡುತ್ತಿದ್ದಿರಿ.