ಸ್ಟಾಕ್ ಪಟ್ಟಿ, ಮಾರ್ಚ್ ಮೂವತ್ತೊಂದು

ಎರ್ನಾಕುಳದ ಏಜೆಂಟ್ ಫೋನಿನಲ್ಲಿ ಕೇಳುತ್ತಾನೆ:
"ಚೇಚಿ, ಗೋಣಿಕೊಪ್ಪದಲ್ಲಿ ಈಗ ಯಾವ ಸೈನ್ಯ ಓಡುತ್ತಿದೆ?"
ಓಡುವುದೆಂದರೆ ಅವನ ಲೆಕ್ಕದಲ್ಲಿ ಮಾರಾಟ.
ನನ್ನಲ್ಲಿ ಓಡದ ಸೈನ್ಯಗಳೇ ಹೆಚ್ಚು.
ಓಡದೆ ನಿಂತವರಿಗೆ ಬೇರೆಲ್ಲಾದರೆ ಪದಕ ಕೊಡುತ್ತಾರೆ,
ಇಲ್ಲಿ ಮೂವತ್ತು ಪರ್ಸೆಂಟ್ ಡಿಸ್ಕೌಂಟ್.

ನಾಳೆ ಹೇಳುತ್ತೇನೆ ಅಂದೆ.
ಶಟರ್ ಅರ್ಧ ಇಳಿಸಿ ಎಣಿಸಲು ಕೂತಿದ್ದೇನೆ.

ಕುಳ್ಳರ ದಂಡು, ಹದಿನಾಲ್ಕು ಡಬ್ಬ, ಮೇಲಿನ ಹಲಗೆ.
ಹೋದ ವರ್ಷ ಇವರಿಗಾಗಿ ಹುಡುಗರು ಮುಂಗಡ ಕೊಟ್ಟು ಕಾದಿದ್ದರು.
ಆಮೇಲೆ ಹೊಸ ನಿಯಮದ ಪುಸ್ತಕ ಬಂತು,
ಕೊಡಲಿಯ ಏಟು ಆರರಿಂದ ನಾಲ್ಕಕ್ಕಿಳಿಯಿತು.
ಎಲ್ಲೋ ಯಾರೋ ಒಂದು ಅಂಕಿ ತಿದ್ದಿದರು,
ನನ್ನ ನಲವತ್ತೆರಡು ಸಾವಿರ ಹಲಗೆ ಹತ್ತಿ ಕೂತಿತು.
ಇದೇನು ಹೊಸತಲ್ಲ ನನಗೆ.
ಲಂಡನ್ನಿನ ದರ ಕೇಳಿಕೊಂಡು
ಚೀಲದ ಬಾಯಿ ಬಿಚ್ಚುವ, ಮತ್ತೆ ಹೊಲಿಯುವ ಊರು ಇದು;
ಅಪ್ಪ ರೊಬಸ್ಟಾದಲ್ಲಿ ಕಲಿತ ಪಾಠವನ್ನೇ
ಮಗಳು ಬೆರಳುದ್ದದ ಬೊಂಬೆಗಳಲ್ಲಿ ಕಲಿತಳು.

ಅಸ್ಥಿಪಂಜರಗಳು ಮಾತ್ರ ಯಾವತ್ತೂ ನಷ್ಟ ಕೊಟ್ಟಿಲ್ಲ.
ಬಿಳಿ ಬಳಿದು ಮೇಲೊಂದಿಷ್ಟು ಕಂದು ನೀರು ಬಿಟ್ಟರೆ ಮುಗಿಯಿತು.
ಸತ್ತವರಿಗೆ ಇಲ್ಲಿ ಬೇಡಿಕೆ ಇಳಿಯುವುದಿಲ್ಲ.

ಫೆಬ್ರವರಿಯಲ್ಲಿ ಕುಯ್ಲಿನ ದುಡ್ಡು ಬಂದಾಗ ಡ್ರ್ಯಾಗನ್ ಹೋಗುತ್ತದೆ.
ಜೂನಿನಲ್ಲಿ ಸ್ಪ್ರೇ ಡಬ್ಬ ಒಂದೂ ಹೋಗದು,
ಗಾಳಿಯ ತೇವಕ್ಕೆ ಬಣ್ಣ ಬೂಷ್ಟು ಹಿಡಿದ ಹಾಗೆ ಬಿಳಿಚುತ್ತದೆ.
ಆಗಸ್ಟಿನಲ್ಲಿ ಬರೀ ದಾಳ.
ಸೋತವರು ದಾಳವನ್ನೇ ಬೈದು ಹೊಸದು ಕೊಳ್ಳುತ್ತಾರೆ.

ಕುಶಾಲನಗರದ ನಿಸಾಮು ಮೊಬೈಲ್ ರಿಪೇರಿಯ ಪಕ್ಕ
ರಾಳದ ಪ್ರಿಂಟರ್ ಇಟ್ಟ. ರಾತ್ರಿಗೆ ಅರವತ್ತು ಕಾಲಾಳು,
ತಲೆಗೆ ಹದಿನೆಂಟು ರೂಪಾಯಿ.
ಒಂದು ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ.
ಎರಡನೇ ವಾರ ಅವನಿಗೇ ರಾಳ ಮಾರಲು ಶುರುಮಾಡಿದೆ.

ಆಗಲೇ ಬಂದದ್ದು ಹವಾಲ್ದಾರ್ ಮೊಣ್ಣಪ್ಪ.
ಹಲಗೆಗಳನ್ನೆಲ್ಲ ತಪಾಸಣೆಗೆ ಬಂದವರಂತೆ ನೋಡಿ ಕೇಳಿದರು:
"ಹೇಸರಗತ್ತೆ ಇಲ್ಲವಾ?"
ಇಪ್ಪತ್ತೊಂದು ವರ್ಷ ಅವರು ಪಟ್ಟಿ ಬಿಗಿದದ್ದು, ಲಾಳ ನೋಡಿದ್ದು,
ಮಂಜಿನಲ್ಲಿ ಹಿಟ್ಟು, ಸೀಮೆಣ್ಣೆ, ಗುಂಡು ಹೊರಿಸಿ ಹತ್ತಿಸಿದ್ದು.
ಏಜೆಂಟನಿಗೆ ಫೋನು ಮಾಡಿದೆ.
"ಹೊರುವುದಕ್ಕೆ ಮಾರ್ಕೆಟ್ ಇಲ್ಲ ಚೇಚಿ, ಹೊಡೆಯುವುದಕ್ಕೆ ಮಾತ್ರ."

ನಿಸಾಮು ಏಳು ಹೇಸರಗತ್ತೆ ತೆಗೆದುಕೊಟ್ಟ.
ಮೊದಲ ಸಲ ಕಿವಿ ಗಿಡ್ಡವಾಯಿತೆಂದು ಹವಾಲ್ದಾರರು ವಾಪಸ್ ಕಳಿಸಿದರು.

ಭಾನುವಾರದ ಆಟಕ್ಕೆ ಏಳನ್ನೂ ಬೆಂಕಿಪೊಟ್ಟಣದಲ್ಲಿ ತಂದು
ಮೇಜಿನ ಅಂಚಿಗೆ ಸಾಲಾಗಿ ನಿಲ್ಲಿಸಿದರು.
ಪೂವಣ್ಣನ ಫಿರಂಗಿ ಮೂರನೇ ಸರದಿಗೆ ಗುಡ್ಡದ ಮೇಲಿತ್ತು.
"ಗುಂಡು ಯಾರು ತಂದರು ಅಲ್ಲಿಗೆ?"
ಯಾರೂ ಮಾತಾಡಲಿಲ್ಲ.
ನಿಯಮದ ಪುಸ್ತಕ ತಿರುವಿದರು. ಅದರಲ್ಲೂ ಇರಲಿಲ್ಲ.

ಅವತ್ತಿನಿಂದ ಗೋಣಿಕೊಪ್ಪದ ಮೇಜಿನ ಕಾನೂನು ಬೇರೆ:
ಹೇಸರಗತ್ತೆ ತಲುಪದೆ ಫಿರಂಗಿ ಸಿಡಿಯದು.
ಹುಡುಗರಿಗೆ ಸಿಟ್ಟು ಬಂತು, ಆಮೇಲೆ ಚಟ ಹಿಡಿಯಿತು.
ಒಬ್ಬ ತನ್ನದಕ್ಕೆ ಹೆಸರಿಟ್ಟಿದ್ದಾನೆ.
ಇನ್ನೊಬ್ಬ ಡ್ರ್ಯಾಗನ್ನನ್ನು ಅರ್ಧ ಬೆಲೆಗೆ ಮಾರಿ
ಹನ್ನೆರಡು ಹೇಸರಗತ್ತೆ ಒಯ್ದ.
ಅವನಪ್ಪ ಅಂಗಡಿಗೆ ಬಂದು ನನ್ನನ್ನು ಬೈದು ಹೋದ.

ಇಲ್ಲಿಯವರೆಗೆ ಎಂಬತ್ತಮೂರು.
ಯಾವ ಕಂಪನಿಯ ಪಟ್ಟಿಯಲ್ಲೂ ಇಲ್ಲದ ಸಾಮಾನು,
ಯಾವ ಕಾಲಮ್ಮಿಗೆ ಬರೆಯಲಿ ಗೊತ್ತಾಗದೆ
'ಇತರೆ' ಎಂದು ಬರೆದು, ಹೊಡೆದು ಹಾಕಿ, ಪೂರ್ತಿ ಹೆಸರು ಬರೆದೆ.

ಬೆಳಿಗ್ಗೆ ಏಜೆಂಟನ ಫೋನು: ಯಾವುದು ಓಡುತ್ತಿದೆ ಹೇಳಿ.
"ಓಡುತ್ತಿಲ್ಲ ಜೋಸ್," ಅಂದೆ,
"ನಡೆಯುತ್ತಿದೆ. ಮೆಲ್ಲಗೆ, ಬೆನ್ನ ಮೇಲೆ ಹೊರೆ ಇಟ್ಟುಕೊಂಡು."
ನೆಟ್‌ವರ್ಕ್ ಸರಿಯಿಲ್ಲ ಅಂದುಕೊಂಡನೋ ಏನೋ,
ಹಲೋ ಹಲೋ ಅನ್ನುತ್ತಿದ್ದ.
ಕುಳ್ಳರನ್ನು ವಾಪಸ್ ತೆಗೆದುಕೊಳ್ಳುತ್ತೀಯಾ ಅಂತ ಕೇಳಿದೆ.
ಅದು ಮಾತ್ರ ಅವನಿಗೆ ಸ್ಪಷ್ಟವಾಗಿ ಕೇಳಿಸಿತು.