ಕಾಯುವ ನೀರು

ರಾತ್ರಿ ಎರಡೂ ನಲವತ್ತಕ್ಕೆ ನೀನು ಹುಟ್ಟಿದೆ.
ಗಣಿಯಲ್ಲಿ ಮೂರನೆಯ ಪಾಳಿ ನಡೆದಿತ್ತು,
ನಿನ್ನಪ್ಪ ಎರಡು ಸಾವಿರ ಅಡಿ ಕೆಳಗಿದ್ದ.
ಪುಷ್ಯದ ಚಳಿ. ಹಟ್ಟಿಯ ಆಸ್ಪತ್ರೆಯ ಕಿಟಕಿಗೆ
ಒಂದು ಗಾಜಿಲ್ಲ, ಅಲ್ಲಿ ಹಳೆ ಕ್ಯಾಲೆಂಡರಿನ ರಟ್ಟು.

ಸುವಾರ್ತಾ ಸಿಸ್ಟರು ನಿನ್ನನ್ನು ಒರೆಸಿದಳು, ತೊಳೆಯಲಿಲ್ಲ.
ಬೆನ್ನ ಮೇಲೆ, ತೊಡೆಯ ಸಂದಿಯಲ್ಲಿ, ಕಿವಿಯ ಹಿಂದೆ
ಆಗಷ್ಟೇ ಕಡೆದು ತೆಗೆದ ಬೆಣ್ಣೆಯಂಥ ಬಿಳಿ ಜಿಡ್ಡು.
ಹಾಗೇ ನನ್ನೆದೆಯ ಮೇಲೆ ಮಲಗಿಸಿ
ಇಬ್ಬರಿಗೂ ಸೇರಿ ಒಂದೇ ಕಂಬಳಿ ಹೊದಿಸಿದಳು.
"ನಾಳೆ ಈ ಹೊತ್ತಿನತನಕ ನೀರು ಬ್ಯಾಡ" ಎಂದು
ಚೀಟಿಯ ಹಿಂದೆ ಟೈಮು ಬರೆದಳು.

ಬೆಳಿಗ್ಗೆ ಮೌಲಮ್ಮ ಬಂದಳು.
ಅವಳನ್ನು ಯಾರೂ ಕರೆಯಬೇಕಿಲ್ಲ.
ಸೆರಗಿನ ಗಂಟಿನಲ್ಲಿ ಕಡ್ಲಿಹಿಟ್ಟು,
ಬಾಟ್ಲಿಯಲ್ಲಿ ಔಡಲೆಣ್ಣೆ.
ನನಗೂ ಎರೆದವಳೇ, ನಿನ್ನಪ್ಪನಿಗೂ.
"ಇವನ ಮೂಗು ನೆಟ್ಟಗಾಗಿದ್ದು ನನ್ನ ಕೈಯಾಗ" ಅಂತ
ನಮ್ಮ ಮದುವೆಯ ಪಂಕ್ತಿಯಲ್ಲಿ ಸಾರಿದವಳು.

"ಒರೆಸಿ ಬಿಟ್ಟಾಳೇನು, ಮೈಲಿಗಿ ಕೂಸನ್ನ?
ಮನ್ಯಾಗ ಹಂಡೆ ಉರಿ ಮ್ಯಾಲ ಅದ, ನೀರು ಕಾಯಾಕತ್ಯಾವ."
"ನೀರು ತಾನೇ," ಅಂದಳು ಸಿಸ್ಟರು, "ಕಾಯಲಿ ಬಿಡವ್ವ."

ಆಮೇಲೆ ಅವಳ ಪಕ್ಕ ಕುಂತು ಮೆಲ್ಲಗೆ ಹೇಳಿದಳು:
ಒಂಬತ್ತು ತಿಂಗಳು ಅವ್ವನ ಕಾವಿನಲ್ಲಿದ್ದ ಕೂಸು
ತನ್ನ ಕಾವು ತಾನು ಹಿಡಿಯಲು ಕಲಿಯಬೇಕು,
ಒದ್ದೆ ಮಾಡಿದರೆ ಅದು ನೀರಿನ ಜೊತೆ ಹೋಗುತ್ತದೆ;
ಆ ಬಿಳಿದು ಹೊಲಸಲ್ಲ,
ದೇವರೇ ಹೊಲಿದು ಕಳಿಸಿದ ಕುಂಚಿಗೆ.
ತಣ್ಣಗಾದ ಕೂಸು ಅಳುವುದೂ ಇಲ್ಲ,
ಮೊಲೆ ಬಿಡುತ್ತದೆ, ಸುಮ್ಮನಾಗುತ್ತದೆ.

ಸುಮ್ಮನಾಗುತ್ತದೆ ಅನ್ನುವ ಮಾತಿಗೆ
ಮೌಲಮ್ಮ ಬಾಟ್ಲಿ ಕೆಳಗಿಟ್ಟಳು.

ಜಗಳ ತೆಗೆಯುತ್ತಾಳೆ ಅಂದುಕೊಂಡೆ. ತೆಗೆಯಲಿಲ್ಲ.
ಬಾಗಿಲ ಬಳಿ ನೆಲಕ್ಕೆ ಕುಂತು
ಎರಡೂ ಕಾಲು ಚಾಚಿದಳು, ಎರೆಯುವಾಗ ಚಾಚುವ ಹಾಗೆ,
ಹಿಮ್ಮಡಿ ಕೂಡಿಸಿ, ನಡುವೆ
ಒಂದು ಕೂಸು ಹಿಡಿಸುವಷ್ಟು ತಗ್ಗು.
ಆ ಖಾಲಿ ತಗ್ಗನ್ನೇ ನೋಡುತ್ತ ಕುಂತಳು.
ಚಹಾ ಬಂತು. ಆರಿತು.

ನಿನ್ನಪ್ಪ ಮೇಲೆ ಬಂದು, ಮೂರು ಸಲ ಮೈ ತೊಳೆದು,
ಉಗುರಿನ ಕಲ್ಲುಪುಡಿ ಬಿಡದೆ
ಬೆರಳು ಮುಷ್ಟಿಯಲ್ಲಿ ಮುಚ್ಚಿಕೊಂಡು ನಿನ್ನನ್ನು ನೋಡಿದ.
"ಇಕಿಗೆ ತೊಳಿಯೋದು ಬ್ಯಾಡಂತ, ನನಗ ಸಾಲದಂತ" ಎಂದು ನಕ್ಕ.
ಮೌಲಮ್ಮ ನಗಲಿಲ್ಲ.

ಮಧ್ಯಾಹ್ನ, ನನ್ನೊಬ್ಬಳಿಗೇ ಕೇಳುವಂತೆ:
"ಗದ್ದೆಮ್ಮನ ಚೊಚ್ಚಲ ಕೂಸು. ನೀ ಇನ್ನ ಹುಟ್ಟಿರಲಿಲ್ಲ.
ಇಂಥದೇ ಚಳಿ. ನಸುಕಿನ್ಯಾಗ ಹುಟ್ಟಿತು, ನಸುಕಿನ್ಯಾಗ ಎರೆದೆ.
ಎಷ್ಟು ಶಾಣ್ಯಾ ಕೂಸು, ಅಳವಲ್ದು ಅಂದ್ರು ಎಲ್ಲಾರೂ.
ನಾನೂ ಅಂದೆ.
ಮೂರನೇ ದಿನಕ್ಕ ಹೋತು.
ಶೆಟಿಗೆವ್ವ ಬರದದ್ದು ಅಂದ್ರು.
ಶೆಟಿಗೆವ್ವ ಬರೋದು ಐದನೇ ರಾತ್ರಿ, ಯವ್ವಾ.
ಹಣಿಬರ ಬರಿಯಾಕ ಆಕಿ ಬರೋದೇ ಐದನೇ ರಾತ್ರಿ.
ಮೂರನೇ ದಿನಕ್ಕ ಬರದವರು ಯಾರು?"

ಇನ್ನೂರೋ ಮುನ್ನೂರೋ ಕೂಸುಗಳು, ಮೌಲಮ್ಮ,
ನಿನ್ನ ಕಾಲ ಮೇಲೆ ಮಲಗಿ ಎದ್ದು ಹೋದವರು,
ಅವರಲ್ಲಿ ನಾನೂ ಒಬ್ಬಳು
ಅನ್ನಬೇಕೆಂದಿದ್ದೆ.
ನೀನು ಮೊಲೆ ಹುಡುಕಿದೆ. ಮಾತು ಅಲ್ಲೇ ಉಳಿಯಿತು.

ಚೀಟಿಯ ಟೈಮು ದಾಟಿತು. ಮನೆಗೆ ಬಂದೆವು.
ಅತ್ತೆ ಹಂಡೆಯ ಕೆಳಗೆ ತೊಗರಿಕಟ್ಟಿಗೆ ಒಟ್ಟಿದರು,
ಬಚ್ಚಲಿಗೆ ಲೋಬಾನದ ಹೊಗೆ ಕೊಟ್ಟರು.
ಮೌಲಮ್ಮ ಮೊಣಕೈ ಅದ್ದಿದಳು, ತೆಗೆದಳು,
ಮತ್ತೆ ಅದ್ದಿದಳು.
ನಿನ್ನ ಪಾದ ಮುಟ್ಟಿ ನೋಡಿದಳು.
"ಇವತ್ತೂ ಬ್ಯಾಡ" ಅಂದಳು. "ನಾಳಿ, ಬಿಸಲೇರಿದ ಮ್ಯಾಲ."
ಅತ್ತೆ ಬೈದರು. ಓಣಿಯೂ ಬೈಯಿತು.
ಕಾದ ನೀರನ್ನೆಲ್ಲ ಅವಳು ನನಗೆ ಎರೆದಳು,
ನೆತ್ತಿಯ ಮೇಲೆ ಬಹಳ ಹೊತ್ತು ಕೈ ಇಟ್ಟು.

ಮರುದಿನ ಹನ್ನೆರಡು ಗಂಟೆಗೆ, ಬಾಗಿಲಿಕ್ಕಿ,
ನಾಲ್ಕೇ ಚೊಂಬು ನೀರು.
ಮೊದಲ ಚೊಂಬಿಗೇ ಕಿರುಚಿದೆ ನೀನು,
ಮೈಯೆಲ್ಲ ಕೆಂಪಗೆ, ಮುಷ್ಟಿ ಬಿಗಿದು,
ಪಾಳಿಯ ಸೈರನ್ನೂ ಕೇಳದಷ್ಟು ಜೋರಾಗಿ.

"ಹಾಂ," ಅಂದಳು ಮೌಲಮ್ಮ,
"ಹಿಂಗ ಅಳಬೇಕು ನೋಡು."